ವಿಚ್ಛೇದನದ ಡಿಕ್ರಿ ಆದ ಮೇಲೆ ರಾಜಿ ಷರತ್ತು ಬದಲಿಸಬಹುದೇ? ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಯಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇವೆ. ಉತ್ತರಗಳು ಮುಖ್ಯವಾಗಿ 1955ರ ಹಿಂದೂ ವಿವಾಹ ಕಾಯ್ದೆ ಅನ್ವಯವಾಗುವವರಿಗೆ. ಕೊಡವರು, ಅರೆಭಾಷೆ ಗೌಡರು ಇದರಲ್ಲೇ ಬರುತ್ತಾರೆ. ಬೇರೆ ಕಾಯ್ದೆಗಳ ಮಾತು ಕೊನೆಯ ಭಾಗದಲ್ಲಿದೆ.

## ಮೊದಲು ತಿಳಿಯಬೇಕಾದ್ದು

ಎಲ್ಲಾ ಮುಗಿದು ಡಿಕ್ರಿ ಕೈಗೆ ಬಂದಿದೆ. ಇನ್ನು ಏನಾದರೂ ಬದಲಿಸೋಕೆ ಆಗುತ್ತಾ?

ಯಾವುದನ್ನು ಬದಲಿಸಬೇಕು ಅನ್ನುವುದರ ಮೇಲೆ ಉತ್ತರ ನಿಂತಿದೆ. ಒಂದೇ ಡಿಕ್ರಿಯೊಳಗೆ ನಾಲ್ಕು ಬಗೆಯ ವಿಷಯಗಳಿರುತ್ತವೆ. ಮದುವೆ ಮುರಿದದ್ದು ಒಂದು. ಆಸ್ತಿ, ಒಡವೆ, ಒಟ್ಟು ಮೊತ್ತದ ಲೆಕ್ಕ ಇನ್ನೊಂದು. ಇವೆರಡೂ ಬಹುಮಟ್ಟಿಗೆ ಮುಗಿದ ಬಾಬತ್ತು. ಮೋಸ, ಬಲವಂತ ಅಥವಾ ಸಮನ್ಸೇ ತಲುಪದ ಏಕಪಕ್ಷೀಯ ತೀರ್ಪು ಇದ್ದರೆ ಮಾತ್ರ ಕೋರ್ಟು ಮತ್ತೆ ಕೈಹಾಕುತ್ತದೆ. ಮೂರನೆಯದು ತಿಂಗಳ ಜೀವನಾಂಶ, ನಾಲ್ಕನೆಯದು ಮಕ್ಕಳು. ಇವು ಮುಚ್ಚಿದ ಬಾಗಿಲುಗಳೇ ಅಲ್ಲ. ಪರಿಸ್ಥಿತಿ ಬದಲಾದರೆ ಜೀವನಾಂಶ ಹೆಚ್ಚು ಕಡಿಮೆ ಮಾಡಲು 25(2)ನೇ ಕಲಂ ಇದೆ, ಮಕ್ಕಳ ಸುಪರ್ದಿ ಮತ್ತು ಖರ್ಚಿಗೆ 26ನೇ ಕಲಂ ಇದೆ. "ಕೇಸ್ ರೀ-ಓಪನ್" ಎಂಬ ಒಂದೇ ಅರ್ಜಿ ಇಲ್ಲ. ನಾಲ್ಕನ್ನೂ ಕಲಸಿ ಒಂದೇ ಅರ್ಜಿ ಹಾಕಿದರೆ ಗೆಲ್ಲಬಹುದಾದ ಭಾಗವೂ ಸೋಲುವ ಭಾಗದ ಜೊತೆ ಮುಳುಗುತ್ತದೆ.

ಒಪ್ಪಿದ ದುಡ್ಡು ಅವರು ಕೊಡ್ತಾ ಇಲ್ಲ. ರೀ-ಓಪನ್ ಮಾಡ್ಬೇಕಾ?

ಬೇಡ. ಷರತ್ತು ಸರಿಯಾಗಿದೆ, ಪಾಲನೆ ಆಗಿಲ್ಲ ಎಂದರೆ ಬೇಕಾದ್ದು ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸುವ ಅರ್ಜಿ. ರೀ-ಓಪನ್ ಕೇಳಿಕೊಂಡು ಬರುವವರಲ್ಲಿ ಅನೇಕರಿಗೆ ನಿಜವಾಗಿ ಬೇಕಿರುವುದು ಇದೇ. ಅಮಲ್ಜಾರಿಗೆ ಕಾಲಮಿತಿ 12 ವರ್ಷ. ಕಂತಿನ ಹಣವಾದರೆ ಆಯಾ ಕಂತು ಕೊಡಬೇಕಾದ ದಿನದಿಂದ ಲೆಕ್ಕ. ಬ್ಯಾಂಕ್ ಖಾತೆ, ಜಮೀನು, ಸಂಬಳ ಜಪ್ತಿ ಕೇಳಬಹುದು. ಮಾಮೂಲಿ ಸಾಲದ ಡಿಕ್ರಿಗಿಂತ ಜೀವನಾಂಶದ ಡಿಕ್ರಿಗೆ ಬಲ ಹೆಚ್ಚು: ಸಂಬಳದ ಮೂರನೇ ಒಂದು ಭಾಗಕ್ಕಷ್ಟೇ ರಕ್ಷಣೆ, ಉಳಿದದ್ದು ಜಪ್ತಿಗೆ ಸಿಗುತ್ತದೆ.

ನಿಮ್ಮ ಆದೇಶ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿ.ಆರ್.ಪಿ.ಸಿ.) ಜೀವನಾಂಶದ 125ನೇ ಕಲಂನದಾದರೆ (2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿ.ಎನ್.ಎಸ್.ಎಸ್. 144) ಒಂದು ಎಚ್ಚರಿಕೆ. ಅಲ್ಲಿ ವಾರಂಟ್ ಕೇಳುವ ಅರ್ಜಿ ಹಣ ಬಾಕಿಯಾದ ಒಂದು ವರ್ಷದೊಳಗೆ ಬರಬೇಕು. "ಮುಂದಿನ ಕೊಯ್ಲಿಗೆ ಕೊಡ್ತೀನಿ" ಎಂಬ ಮಾತು ನಂಬಿ ಎರಡು ಕೊಯ್ಲು ಕಾದರೆ ಮೊದಲಿನ ತಿಂಗಳುಗಳು ಕೈತಪ್ಪುತ್ತವೆ.

ಡಿಕ್ರಿ ಆಗಿದ್ದು ಮಡಿಕೇರಿಯಲ್ಲಿ. ನಾನೀಗ ಬೆಂಗಳೂರಿನಲ್ಲಿದ್ದೀನಿ. ಯಾವ ಕೋರ್ಟು?

ಬದಲಾವಣೆಯ ಅರ್ಜಿ ಡಿಕ್ರಿ ಕೊಟ್ಟ ಕೋರ್ಟಿಗೇ ಹೋಗಬೇಕು. ಡಿಕ್ರಿಯ ಮೊದಲ ಪುಟದ ತಲೆಬರಹದಲ್ಲಿ ಯಾವ ನ್ಯಾಯಾಲಯ ಎಂಬುದೂ ಎಂ.ಸಿ. (ವೈವಾಹಿಕ ಪ್ರಕರಣ) ನಂಬರೂ ಇರುತ್ತವೆ. ಹೊಸ ಊರಿನಲ್ಲಿ ಹೊಸ ಕೇಸು ಹಾಕಿ ಹಳೆಯ ಆದೇಶ ಬದಲಿಸಿಕೊಳ್ಳಲು ಬರುವುದಿಲ್ಲ. ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ (2020) ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಹಿಂದಿನ ಜೀವನಾಂಶ ಆದೇಶಗಳನ್ನೆಲ್ಲ ಹೊಸ ಅರ್ಜಿಯಲ್ಲಿ ಹೇಳಲೇಬೇಕು ಎಂದೂ ಹೇಳಿದೆ. ಮುಚ್ಚಿಟ್ಟರೆ ಎದುರಿನ ವಕೀಲರು ಮೊದಲ ದಿನವೇ ಅದನ್ನು ಹೊರಗೆ ತೆಗೆಯುತ್ತಾರೆ.

ಮೇಲ್ಮನವಿಗೆ ಕೊಡಗಿನವರು ಬೆಂಗಳೂರಿನ ಹೈಕೋರ್ಟ್ ಪ್ರಧಾನ ಪೀಠಕ್ಕೆ ಹೋಗಬೇಕು.

ಡಿಕ್ರಿ ಕಾಪಿ ಎಲ್ಲೋ ಕಳೆದುಹೋಗಿದೆ.

ಕೇಸ್ ನಂಬರ್ ಮತ್ತು ವರ್ಷ ಗೊತ್ತಿದ್ದರೆ ಅದೇ ಕೋರ್ಟಿನ ನಕಲು ವಿಭಾಗದಲ್ಲಿ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ನಂಬರ್ ಮರೆತಿದ್ದರೆ ಇ-ಕೋರ್ಟ್ಸ್ ಆ್ಯಪಿನಲ್ಲಿ ಹೆಸರು, ವರ್ಷ ಹಾಕಿ ಹುಡುಕಿ. 16 ಅಕ್ಷರಗಳ ಸಿ.ಎನ್.ಆರ್. ಸಂಖ್ಯೆ ಸಿಕ್ಕರೆ ಕೆಲಸ ಸಲೀಸು. ಡಿಕ್ರಿಯೊಂದೇ ಸಾಲದು. ತೀರ್ಪು, ರಾಜಿ ಅರ್ಜಿ ಮತ್ತು ಆ ದಿನ ಕೋರ್ಟು ಬರೆದುಕೊಂಡ ನಿಮ್ಮಿಬ್ಬರ ಹೇಳಿಕೆ, ಮೂರರ ನಕಲನ್ನೂ ಒಟ್ಟಿಗೆ ಕೇಳಿ. ಮೇಲ್ಮನವಿಯ ಕಾಲಮಿತಿ ಲೆಕ್ಕ ಹಾಕುವಾಗ ನಕಲಿಗೆ ಕಾದ ದಿನಗಳನ್ನು ಬಿಟ್ಟು ಎಣಿಸುತ್ತಾರೆ, ಹಾಗಾಗಿ ಅರ್ಜಿಯ ರಸೀದಿ ಎಸೆಯಬೇಡಿ.

ಎರಡೂ ಒಕ್ಕದ (ಕೊಡವ ಮನೆತನದ) ಹಿರಿಯರು, ಅರುವರು (ಮನೆತನದ ಪರ ನಿಲ್ಲುವ ಮಧ್ಯಸ್ಥರು) ಕೂತು ಸ್ಟಾಂಪ್ ಪೇಪರಲ್ಲಿ ಬರೆಸಿದ್ದು ಸಾಲೋದಿಲ್ವಾ?

ಆ ಬರಹ ಸಾಕ್ಷ್ಯ; ಡಿಕ್ರಿಯಲ್ಲ. ಅದನ್ನು ಹಿಡಿದು ಅಮಲ್ಜಾರಿ ಹಾಕಲು ಆಗದು. ಸಂಪ್ರದಾಯದ ವಿಚ್ಛೇದನವನ್ನು ಹಿಂದೂ ವಿವಾಹ ಕಾಯ್ದೆಯ 29(2)ನೇ ಕಲಂ ಉಳಿಸಿದೆ ನಿಜ. ಆದರೆ ಅಂಥ ಪದ್ಧತಿ ತಮ್ಮ ಸಮುದಾಯದಲ್ಲಿ ಬಹುಕಾಲದಿಂದ ನಡೆದುಬಂದಿದೆ ಎಂದು ಹೇಳಿಕೊಳ್ಳುವವರೇ ಸಾಬೀತು ಮಾಡಬೇಕು, ಅದು ಸುಲಭದ ಮಾತಲ್ಲ. ಹಿರಿಯರ ಮುಂದಿನ ಒಪ್ಪಂದ ಇಬ್ಬರಿಗೂ ಈಗಲೂ ಒಪ್ಪಿಗೆಯಾಗಿದ್ದರೆ 13ಬಿ (ಪರಸ್ಪರ ಒಪ್ಪಿಗೆಯ ವಿಚ್ಛೇದನದ) ಅರ್ಜಿಯ ಜೊತೆ ಅದನ್ನೇ ರಾಜಿ ಷರತ್ತಾಗಿ ಸಲ್ಲಿಸಿ ಡಿಕ್ರಿ ಪಡೆಯುವುದು ಲೇಸು.

## ತಿಂಗಳ ಹಣ

ಹತ್ತು ವರ್ಷದ ಹಿಂದೆ ತಿಂಗಳಿಗೆ ಎಂಟು ಸಾವಿರ ಅಂತಾಗಿತ್ತು. ಈಗ ಏನಕ್ಕೂ ಸಾಲದು. ಜಾಸ್ತಿ ಕೇಳಬಹುದಾ?

ಕೇಳಬಹುದು. 25(2)ರಲ್ಲಿ ಬೇಕಾದ್ದು ಡಿಕ್ರಿಯ ನಂತರ ಆದ "ಪರಿಸ್ಥಿತಿಯ ಬದಲಾವಣೆ". ಬೆಲೆ ಏರಿದೆ ಎಂದಷ್ಟೇ ಬರೆದರೆ ಅರ್ಜಿ ತೆಳ್ಳಗಿರುತ್ತದೆ. ಅಂದಿನ ಖರ್ಚು, ಇಂದಿನ ಖರ್ಚು ಎಂದು ಎರಡು ಕಾಲಂ ಮಾಡಿ ಬಾಡಿಗೆ, ಔಷಧ, ಶಾಲೆ ಶುಲ್ಕ, ಓಡಾಟವನ್ನು ರಸೀದಿ ಸಮೇತ ತೋರಿಸಿ. ಅವರ ಕಡೆಯ ಬದಲಾವಣೆಯನ್ನೂ ತೋರಿಸಿ: ಬಡ್ತಿ, ಹೊಸ ಹೋಂಸ್ಟೇ, ಸಾಲ ತೀರಿದ್ದು, ಕಾಫಿಯ ಬೆಲೆ. 2024ರಲ್ಲಿ ರೋಬಸ್ಟಾ ಬೆಲೆ ದಾಖಲೆ ಮಟ್ಟಕ್ಕೆ ಏರಿದ್ದು ಕೊಡಗಿನಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ, ಆದರೆ ಕೋರ್ಟಿನ ಕಡತಕ್ಕೆ ಅದು ದಾಖಲೆಯಾಗಿಯೇ ಬರಬೇಕು.

ಎಷ್ಟು ಸಿಗಬಹುದು? ಕಲ್ಯಾಣ್ ಡೇ ಚೌಧರಿ ಪ್ರಕರಣದಲ್ಲಿ (2017) ಗಂಡನ ನಿವ್ವಳ ಸಂಬಳದ ಶೇ. 25ನ್ನು ಸುಪ್ರೀಂ ಕೋರ್ಟ್ ನ್ಯಾಯಯುತವೆಂದಿತು. ಇದು ಕೋಷ್ಟಕದಂತೆ ಎಲ್ಲರಿಗೂ ಅನ್ವಯಿಸುವ ದರವಲ್ಲ. ಅದೇ ಪ್ರಕರಣದಲ್ಲಿ ಗಂಡನಿಗೆ ಮರುಮದುವೆಯಾಗಿ ಮಗುವಾದದ್ದನ್ನು ಗಮನಿಸಿ 23,000 ರೂಪಾಯಿಯನ್ನು 20,000ಕ್ಕೆ ಇಳಿಸಲಾಯಿತು. ಹೊಸ ಆದೇಶ ಕೇಳುವಾಗಲೇ ಎರಡು ವರ್ಷಕ್ಕೊಮ್ಮೆ ಶೇಕಡಾ ಇಷ್ಟು ಏರಿಕೆ ಎಂಬ ಷರತ್ತನ್ನೂ ಕೇಳಿ. ರಾಖಿ ಸಾಧುಖಾನ್ ಪ್ರಕರಣದಲ್ಲಿ (2025) ಸುಪ್ರೀಂ ಕೋರ್ಟ್ ತಿಂಗಳಿಗೆ 50,000 ರೂಪಾಯಿ ನಿಗದಿ ಮಾಡಿ ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆಯನ್ನೂ ಸೇರಿಸಿತು. ಹಾಗಿದ್ದರೆ ಪ್ರತಿ ಸಲ ಕೋರ್ಟಿನ ಮೆಟ್ಟಿಲು ಹತ್ತುವುದು ತಪ್ಪುತ್ತದೆ.

ತೋಟದ ಆದಾಯ ಐಟಿ ರಿಟರ್ನ್ಸಲ್ಲಿ ಕಾಣೋದೇ ಇಲ್ಲ. "ನನಗೆ ವರಮಾನವೇ ಇಲ್ಲ" ಅಂತಾರೆ. ಹೇಗೆ ತೋರಿಸೋದು?

ಕೊಡಗಿನ ಜೀವನಾಂಶದ ಕೇಸುಗಳ ಗಂಟು ಇರುವುದೇ ಇಲ್ಲಿ. ಬೆಳೆದು ಒಣಗಿಸಿ ಚೆರಿ ಅಥವಾ ಪಾರ್ಚ್‌ಮೆಂಟ್ ಆಗಿ ಮಾರಿದ ಕಾಫಿಯ ಆದಾಯ ಕೃಷಿ ಆದಾಯ, ಅದಕ್ಕೆ ಆದಾಯ ತೆರಿಗೆ ಇಲ್ಲ. ಬೆಳೆಗಾರರೇ ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹದಮಾಡುವುದು) ಮಾಡಿಸಿ ಮಾರಿದರೂ ಲಾಭದ ಶೇ. 25 ಮಾತ್ರ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ತೆರಿಗೆ ಕಟ್ಟುವ ಆದಾಯ ಸಣ್ಣದಾಗಿ ಕಾಣುವುದು ಸಹಜ. ಅದರಿಂದ ತೋಟ ಬರಡು ಎಂದಾಗುವುದಿಲ್ಲ.

ರಜನೀಶ್ ತೀರ್ಪಿನ ನಂತರ ಇಬ್ಬರೂ ಆಸ್ತಿ ಮತ್ತು ಹೊಣೆಗಳ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕು. ಕೃಷಿಕರಿಗೆ ಅದರಲ್ಲಿ ಬೇರೆಯೇ ನಮೂನೆ ಇದೆ, ಎರಡನೇ ಅನುಬಂಧ. ಎಷ್ಟೋ ಸಲ ಪ್ಲಾಂಟರ್‌ಗಳು ನೌಕರರ ನಮೂನೆಯನ್ನೇ ತುಂಬಿ "ಸಂಬಳ: ಇಲ್ಲ" ಎಂದು ಕೈತೊಳೆದುಕೊಳ್ಳುತ್ತಾರೆ. ಆಗಲೇ ಆಕ್ಷೇಪಿಸಿ ಕೃಷಿಕರ ನಮೂನೆ ಹಾಕಿಸಿ.

ಆಮೇಲೆ ದಾಖಲೆ ತರಿಸುವ ಅರ್ಜಿ ಹಾಕಿ. ಪಹಣಿಯಿಂದ ಎಕರೆ ಗೊತ್ತಾಗುತ್ತದೆ. ಕಾಫಿ ಮಂಡಳಿಯ ನೋಂದಣಿಯಿಂದ ತೋಟದ ವಿಸ್ತೀರ್ಣ, ಕ್ಯೂರಿಂಗ್ ವರ್ಕ್ಸ್‌ನ ಔಟ್‌ಟರ್ನ್ ಪಟ್ಟಿಯಿಂದ ಎಷ್ಟು ಚೀಲ ಹೋಗಿ ಎಷ್ಟು ಕಾಫಿ ಬಂತು ಎಂಬುದು, ವ್ಯಾಪಾರಿಯ ಬಿಲ್ಲಿನಿಂದ ಕರಿಮೆಣಸಿನ ತೂಕ, ಪ್ರವಾಸೋದ್ಯಮ ಇಲಾಖೆಯ ನೋಂದಣಿಯಿಂದ ಹೋಂಸ್ಟೇ ಕೋಣೆಗಳು. ಇವೆಲ್ಲಕ್ಕಿಂತ ಹರಿತವಾದದ್ದು ಬೆಳೆ ಸಾಲದ ಕಡತ. ಬ್ಯಾಂಕು ಅಥವಾ ಸಹಕಾರ ಸಂಘಕ್ಕೆ ಸಾಲ ಕೇಳುವಾಗ ಇಳುವರಿಯನ್ನು ಯಾರೂ ಕಮ್ಮಿ ಹೇಳುವುದಿಲ್ಲ. ಅದೇ ಕೈಯ ಸಹಿ ಕೋರ್ಟಿನಲ್ಲಿ "ಬೆಳೆ ಇಲ್ಲ" ಎನ್ನುವ ಪ್ರಮಾಣಪತ್ರದ ಮೇಲೂ ಇದ್ದರೆ ಪಾಟೀ ಸವಾಲಿಗೆ ಬೇರೆ ಸರಕು ಬೇಡ.

ಲೆಕ್ಕದಲ್ಲಿ ನೀವೂ ನ್ಯಾಯವಾಗಿರಿ. ಅರೇಬಿಕಾ ಒಂದು ವರ್ಷ ಸುರಿದರೆ ಮರುವರ್ಷ ಕೈಕೊಡುತ್ತದೆ. ಸುಗ್ಗಿಯ ವರ್ಷವೊಂದನ್ನೇ ಹಿಡಿದು ಹನ್ನೆರಡರಿಂದ ಭಾಗಿಸಿದರೆ ಎದುರು ಪಕ್ಷ ಅದನ್ನು ಒಂದೇ ಮಾತಿನಲ್ಲಿ ಕೆಡವುತ್ತದೆ. ಮೂರರಿಂದ ಐದು ವರ್ಷದ ಸರಾಸರಿ ತೆಗೆದು, ಕೊಯ್ಲಿನ ಕೂಲಿ, ಗೊಬ್ಬರ, ಕಪಾತು, ನೀರು ಹಾಯಿಸುವ ಖರ್ಚು ಕಳೆದು ನಿವ್ವಳ ತೋರಿಸಿದರೆ ನ್ಯಾಯಾಧೀಶರಿಗೆ ಆ ಅಂಕಿಯ ಮೇಲೆ ನಂಬಿಕೆ ಬರುತ್ತದೆ.

ತೋಟದಲ್ಲಿ ನಷ್ಟ. ಕೊಡುವ ಮೊತ್ತ ಕಡಿಮೆ ಮಾಡಿಸಬಹುದಾ?

ನಷ್ಟ ನಿಜವಾಗಿದ್ದು ಬಾಳುವಂಥದ್ದಾಗಿದ್ದರೆ ಮಾಡಿಸಬಹುದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದು ತೋಟವೇ ಕೊಚ್ಚಿಹೋದವರ ಸ್ಥಿತಿ ಪರಿಸ್ಥಿತಿಯ ಬದಲಾವಣೆಯೇ. ಕಂದಾಯ ಇಲಾಖೆಯ ಹಾನಿ ವರದಿ, ಪರಿಹಾರದ ಆದೇಶ, ಹಿಂದಿನ ಮತ್ತು ಈಗಿನ ಪಹಣಿ ಇಟ್ಟರೆ ಸಾಬೀತು ಮಾಡುವುದು ಕಷ್ಟವಲ್ಲ. ಒಂದು ವರ್ಷ ಹೂಮಳೆ ತಪ್ಪಿತು, ಬೆರ್ರಿ ಉದುರಿತು ಎಂಬುದು ಸಾಮಾನ್ಯವಾಗಿ ಸಾಲದು.

ಅನೇಕರಿಗೆ ನಿಜವಾದ ತೊಂದರೆ ಮೊತ್ತವಲ್ಲ, ಹೊತ್ತು. ಅರೇಬಿಕಾ ದುಡ್ಡು ಬರುವುದು ವರ್ಷದ ಕೊನೆಗೆ, ರೋಬಸ್ಟಾದ್ದು ಜನವರಿ ಕಳೆದ ಮೇಲೆ. ಡಿಕ್ರಿ ಮಾತ್ರ ಪ್ರತಿ ತಿಂಗಳ 5ನೇ ತಾರೀಕು ಎನ್ನುತ್ತದೆ. ಇಂಥವರು ಕಡಿತ ಕೇಳುವ ಬದಲು ಕಂತಿನ ವೇಳಾಪಟ್ಟಿ ಬದಲಿಸಲು ಕೇಳುವುದು ಜಾಣತನ: ಕೊಯ್ಲಿನ ನಂತರ ಆರು ತಿಂಗಳ ಹಣ ಮುಂಗಡ, ಮಳೆಗಾಲದಲ್ಲಿ ಸಣ್ಣ ಕಂತು. ಎದುರಿನವರಿಗೂ ಇದು ಒಪ್ಪಿಗೆಯಾಗುವ ಸಾಧ್ಯತೆ ಹೆಚ್ಚು. ಅರ್ಜಿ ತೀರ್ಮಾನ ಆಗುವವರೆಗೆ ಹಳೆಯ ಮೊತ್ತ ಕೊಡಲೇಬೇಕು, ಇಲ್ಲವಾದರೆ ಕಡಿತದ ಅರ್ಜಿ ಕೇಳುವ ಮೊದಲೇ "ಬಾಕಿ ಎಷ್ಟು?" ಎಂಬ ಪ್ರಶ್ನೆ ಬರುತ್ತದೆ.

ಒಂದೇ ಸಲಕ್ಕೆ ದುಡ್ಡು ತಗೊಂಡು "ಮುಂದೆ ಏನೂ ಕೇಳಲ್ಲ" ಅಂತ ಸಹಿ ಹಾಕಿದ್ದೀನಿ. ದಾರಿ ಇದೆಯಾ?

ಕಿರಿದಾದ ದಾರಿ. ಪೂರ್ತಿ ಮತ್ತು ಅಂತಿಮ ಎಂದು ಬರೆದು, ಹಣವೂ ಕೈಸೇರಿ, ಡಿಕ್ರಿಯಾದ ಮೇಲೆ ಖರ್ಚಾಯಿತು ಎಂಬ ಕಾರಣಕ್ಕೆ ಕೋರ್ಟು ಮತ್ತೆ ಕೊಡಿಸುವುದು ಅಪರೂಪ. ಆದರೆ ಪರಸ್ಪರ ಒಪ್ಪಿಗೆಯ ವಿಚ್ಛೇದನ ಆಗಿದೆ ಎಂಬ ಒಂದೇ ಕಾರಣಕ್ಕೆ ಜೀವನಾಂಶದ ಹಕ್ಕು ಸಾಯುವುದಿಲ್ಲ. ನಮ್ಮ ರಾಜ್ಯದ ವನಮಾಲಾ ವಿರುದ್ಧ ಎಚ್.ಎಂ. ರಂಗನಾಥ ಭಟ್ಟ ಪ್ರಕರಣದಲ್ಲಿ (1995) ಸುಪ್ರೀಂ ಕೋರ್ಟ್ ಹೇಳಿದ್ದು ಇದೇ: ಒಪ್ಪಿ ಬೇರೆಯಾದ ಮಾಜಿ ಪತ್ನಿಯೂ, ಮರುಮದುವೆ ಆಗದಿದ್ದರೆ, ಸಿ.ಆರ್.ಪಿ.ಸಿ. 125ನೇ ಕಲಂನಲ್ಲಿ (ಈಗ ಬಿ.ಎನ್.ಎಸ್.ಎಸ್. 144) ಕೇಳಬಹುದು. ಆದ್ದರಿಂದ ನಿಮ್ಮ ರಾಜಿ ಅರ್ಜಿಯಲ್ಲಿ ಹಣ ನಿಜಕ್ಕೂ ಜೀವನಾಂಶಕ್ಕೆಂದು ಬಂತೋ, ಬರೀ ಒಡವೆಯ ಬೆಲೆಯೆಂದು ಬಂತೋ, ಅಥವಾ ಏನೂ ಪಡೆಯದೆ ಹಕ್ಕು ಬಿಟ್ಟಿದ್ದೀರೋ ಎಂದು ಪದ ಪದ ಓದಿಸಿ. ಏನೂ ಪಡೆಯದೆ ಬಿಟ್ಟವರ ಕೇಸು ಲಕ್ಷಗಟ್ಟಲೆ ಪಡೆದವರದಕ್ಕಿಂತ ಗಟ್ಟಿ.

ಡಿಕ್ರಿ ಸಮಯದಲ್ಲಿ ಜೀವನಾಂಶವನ್ನೇ ಕೇಳಿರಲಿಲ್ಲ. ಈಗ ಕೇಳಬಹುದಾ?

25(1)ರ ಮಾತೇ "ಡಿಕ್ರಿಯ ಸಮಯದಲ್ಲಿ ಅಥವಾ ನಂತರ ಯಾವಾಗಲಾದರೂ" ಎಂದಿದೆ. ಬಿಟ್ಟುಕೊಟ್ಟು ಸಹಿ ಹಾಕಿರದಿದ್ದರೆ ಈಗಲೂ ಕೇಳಬಹುದು. ಗಂಡನೂ ಹೆಂಡತಿಯಿಂದ ಕೇಳಬಹುದಾದ ಕಲಂ ಇದು. ಪಾವತಿಗೆ ಭದ್ರತೆಯಾಗಿ ಅವರ ಸ್ಥಿರಾಸ್ತಿಯ ಮೇಲೆ ಋಣಭಾರ ಹೊರಿಸಲೂ ಕೇಳಿ. ಸಿಕ್ಕ ಆದೇಶವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೂ ಪಹಣಿಯ 11ನೇ ಕಾಲಂನಲ್ಲೂ ದಾಖಲು ಮಾಡಿಸಿದರೆ ತೋಟ ಸದ್ದಿಲ್ಲದೆ ಕೈಬದಲಾಗುವುದು ತಪ್ಪುತ್ತದೆ.

ಅವರು ಮರುಮದುವೆ ಆಗಿದ್ದಾರೆ. ದುಡ್ಡು ನಿಲ್ಲಿಸಬಹುದಾ?

ನೀವಾಗಿಯೇ ನಿಲ್ಲಿಸಬೇಡಿ. 25(3)ರಲ್ಲಿ ಮರುಮದುವೆ ಆದೇಶ ಬದಲಿಸಲು ಅಥವಾ ರದ್ದು ಮಾಡಲು ಕಾರಣ, ಆದರೆ ರದ್ದು ಮಾಡುವುದು ಕೋರ್ಟು. ಮದುವೆ ನೋಂದಣಿ ಪತ್ರ ಅಥವಾ ಆಮಂತ್ರಣ, ಫೋಟೊ, ಸಾಕ್ಷಿ ಸಮೇತ ಅರ್ಜಿ ಹಾಕಿ. ಮಕ್ಕಳ ಪಾಲಿನ ಹಣ ಇದರಿಂದ ನಿಲ್ಲುವುದಿಲ್ಲ.

ಬದಲಾವಣೆ ಯಾವ ದಿನದಿಂದ ಲಾಗೂ ಆಗುತ್ತೆ?

ಹೊಸದಾಗಿ ಕೊಡಿಸುವ ಜೀವನಾಂಶ ಅರ್ಜಿಯ ದಿನದಿಂದ ಎಂಬುದು ರಜನೀಶ್ ತೀರ್ಪಿನ ನಿಯಮ, ಬದಲಾವಣೆಯಲ್ಲೂ ಸಾಮಾನ್ಯವಾಗಿ ಅರ್ಜಿಯ ದಿನವನ್ನೇ ಹಿಡಿಯುತ್ತಾರೆ. ಕೆಲಸ ಹೋದದ್ದು ಜೂನ್, ಅರ್ಜಿ ಹಾಕಿದ್ದು ಡಿಸೆಂಬರ್ ಆದರೆ ನಡುವಿನ ಆರು ತಿಂಗಳು ಹಳೆಯ ಮೊತ್ತದಲ್ಲೇ ಬಾಕಿ ಬೆಳೆಯುತ್ತದೆ.

## ಮಕ್ಕಳು

ಮಗು ಅಮ್ಮನ ಹತ್ತಿರ ಅಂತ ಒಪ್ಪಿದ್ದೆ. ಈಗ ಬದಲಿಸಬಹುದಾ?

ಮಕ್ಕಳ ಆದೇಶ ಎಂದೂ ಕೊನೆಯದಲ್ಲ. ರೋಸಿ ಜೇಕಬ್ ಪ್ರಕರಣದಿಂದ (1973) ಈಚೆಗೆ ಇದು ನೆಲೆಗೊಂಡ ಮಾತು. ಆದರೆ ನಿಮ್ಮ ಮನಸ್ಸು ಬದಲಾದದ್ದು ಸಾಲದು, ಮಗುವಿನ ಬದುಕಿನಲ್ಲಿ ಏನು ಬದಲಾಗಿದೆ ಎಂಬುದು ಮುಖ್ಯ. ಶಾಲೆ ಬಿಟ್ಟಿರುವುದು, ಆರೋಗ್ಯ, ಮನೆಯ ವಾತಾವರಣ, ವಿದೇಶಕ್ಕೆ ಹೋಗುವ ಯೋಜನೆ, ಬೆಳೆದ ಮಗುವಿನ ಸ್ವಂತ ಇಚ್ಛೆ ಇವು ತೂಗುತ್ತವೆ.

ಸುಪರ್ದಿಗಿಂತ ಹೆಚ್ಚಾಗಿ ಕೆಡುವುದು ಭೇಟಿಯ ಷರತ್ತು. "ಪ್ರತಿ ಶನಿವಾರ ಬೆಂಗಳೂರಿನಲ್ಲಿ ಎರಡು ಗಂಟೆ" ಎಂದು ಬರೆಸಿಕೊಂಡು, ಮಡಿಕೇರಿಯಿಂದ ಸುಮಾರು 250 ಕಿಲೋಮೀಟರ್ ಓಡಿಸಿ ಹೋದರೆ ಮಗುವಿಗೆ ಟ್ಯೂಷನ್. ಇಂಥದ್ದನ್ನು ತಿಂಗಳಿಗೊಂದು ಪೂರ್ಣ ವಾರಾಂತ್ಯ, ವಾರಕ್ಕೆ ಮೂರು ವೀಡಿಯೊ ಕರೆ, ಬೇಸಿಗೆ ರಜೆಯ ಅರ್ಧ ಎಂದು ಬದಲಿಸಲು 26ನೇ ಕಲಂ ಅರ್ಜಿ ಹಾಕಿ. ಹಬ್ಬಗಳ ಹೆಸರು ಬರೆಯಿರಿ: ಹುತ್ತರಿ ಒಂದು ವರ್ಷ ಇಲ್ಲಿ, ಮರುವರ್ಷ ಅಲ್ಲಿ, ಕೈಲ್ ಮುಹೂರ್ತ ತಿರುಗಾಮುರುಗಾ. "ಹಬ್ಬ ಹರಿದಿನಗಳಲ್ಲಿ" ಎಂಬ ಸಡಿಲ ಮಾತು ಜಗಳದ ಬೀಜ. ಮಳೆ ರಜೆಯನ್ನೂ ಸೇರಿಸಿ. ಜುಲೈನಲ್ಲಿ ಜಿಲ್ಲಾಡಳಿತ ಹಿಂದಿನ ಸಂಜೆ ರಜೆ ಘೋಷಿಸಿದಾಗ ಮಗು ಯಾರ ಬಳಿ ಎಂದು ಯಾರೂ ಯೋಚಿಸಿರುವುದಿಲ್ಲ.

"ಮಗನ ಖರ್ಚು ನಾನೇ ನೋಡ್ಕೋತೀನಿ" ಅಂತ ಬರೆದುಕೊಟ್ಟುಬಿಟ್ಟೆ. ಈಗ ಕಾಲೇಜು ಫೀಸ್ ಆಗ್ತಿಲ್ಲ.

ಮಗುವಿನ ಹಕ್ಕನ್ನು ತಾಯಿ ಬಿಟ್ಟುಕೊಡಲು ಬರುವುದಿಲ್ಲ. ಗಣೇಶ್ ವಿರುದ್ಧ ಸುಧೀರ್‌ಕುಮಾರ್ ಶ್ರೀವಾಸ್ತವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಾಯಿಯ ಬಿಡುಗಡೆ ಮಾತು ಮಕ್ಕಳನ್ನು ಕಟ್ಟಿಹಾಕದು ಎಂದಿದೆ. ಮಗ ಅಪ್ರಾಪ್ತನಾಗಿದ್ದಾಗಲೇ ಅರ್ಜಿ ಹಾಕುವುದು ಒಳ್ಳೆಯದು, 18 ತುಂಬಿದ ಮೇಲೆ ಗಂಡುಮಗನಿಗೆ ದಾರಿ ಕಿರಿದಾಗುತ್ತದೆ. ಮದುವೆಯಾಗದ, ಸ್ವಂತ ವರಮಾನವಿಲ್ಲದ ಮಗಳಿಗೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಂ 18ರ ನಂತರವೂ ಕೈಹಿಡಿಯುತ್ತದೆ.

## ತೋಟ, ಒಡವೆ

ರಾಜಿಯಲ್ಲಿ ಎರಡು ಎಕರೆ ತೋಟ ನನಗೆ ಅಂತಿದೆ. ಪಹಣಿಯಲ್ಲಿ ಹೆಸರೇ ಬಂದಿಲ್ಲ.

ಮೂರು ಕಡೆ ಸಿಕ್ಕಿಬೀಳುತ್ತದೆ. ಮೊದಲನೆಯದು ನೋಂದಣಿ. ಕೋರ್ಟಿನ ಡಿಕ್ರಿಗೆ ನೋಂದಣಿ ಬೇಡ ಎಂಬುದು ಸಾಮಾನ್ಯ ನಿಯಮ. ಆದರೆ ದಾವೆಯ ವಿಷಯವಲ್ಲದ ಸ್ಥಿರಾಸ್ತಿಯನ್ನು ರಾಜಿ ಡಿಕ್ರಿಯಲ್ಲಿ ಸೇರಿಸಿದ್ದರೆ ನೋಂದಣಿ ಕಾಯ್ದೆಯ 17(2)(vi) ಪ್ರಕಾರ ಬೇಕು. ವಿಚ್ಛೇದನದ ಅರ್ಜಿಯಲ್ಲಿ ತೋಟದ ಪ್ರಸ್ತಾಪವೇ ಇಲ್ಲದೆ ರಾಜಿಯಲ್ಲಿ ಮಾತ್ರ ಬಂದಿದ್ದರೆ ಈ ತೊಡಕು ಖಚಿತ. ಡಿಕ್ರಿಯ ನಕಲನ್ನು ನಾಲ್ಕು ತಿಂಗಳೊಳಗೆ ಹಾಜರುಪಡಿಸಬೇಕು. ತಪ್ಪಿದರೆ ಇನ್ನು ನಾಲ್ಕು ತಿಂಗಳು ದಂಡದೊಂದಿಗೆ.

ಎರಡನೆಯದು ನಕ್ಷೆ. ಒಂದು ಸರ್ವೆ ನಂಬರಿನ ಭಾಗ ಮಾತ್ರ ಬರುವುದಾದರೆ 11ಇ ನಕ್ಷೆ (ಭಾಗವಾಗುವ ಜಾಗದ ಸರ್ವೆ ನಕ್ಷೆ) ಇಲ್ಲದೆ ನೋಂದಣಿ ಮುಂದೆ ಸಾಗದು. "ಆರು ಎಕರೆಯಲ್ಲಿ ಎರಡು ಎಕರೆ" ಎಂದಷ್ಟೇ ಬರೆದು ಚೆಕ್ಕುಬಂದಿ ಬಿಟ್ಟಿರುವ ರಾಜಿಗಳು ಇಲ್ಲಿ ನಿಂತುಬಿಡುತ್ತವೆ: ನೀರಿನ ಕೆರೆಯಿರುವ ಎರಡು ಎಕರೆಯೋ, ದಾರಿಯಿಲ್ಲದ ಎರಡು ಎಕರೆಯೋ?

ಮೂರನೆಯದು ಮುದ್ರಾಂಕ ಶುಲ್ಕ. ಕುಟುಂಬದವರ ನಡುವಿನ ದಾನಪತ್ರಕ್ಕೆ ಕರ್ನಾಟಕದಲ್ಲಿ ರಿಯಾಯಿತಿ ಇದೆ, ಆ ಪಟ್ಟಿಯಲ್ಲಿ ಹೆಂಡತಿ ಇದ್ದಾಳೆ. ಡಿಕ್ರಿ ಆದ ಮರುದಿನ ನೀವು ಹೆಂಡತಿಯಲ್ಲ. ಇನ್ನೂ ಡಿಕ್ರಿಯಾಗದವರು ಪತ್ರವನ್ನು ಎರಡನೇ ಮೋಷನ್‌ಗೆ (ಒಪ್ಪಿಗೆಯ ವಿಚ್ಛೇದನದಲ್ಲಿ ಡಿಕ್ರಿ ಕೇಳುವ ಕೊನೆಯ ಹಂತ) ಮೊದಲೇ ಮಾಡಿಸಿಕೊಳ್ಳುವುದು ಒಳಿತು.

ಅವರು ಪತ್ರಕ್ಕೆ ಸಹಿ ಹಾಕಲು ಒಪ್ಪದಿದ್ದರೆ ಅಮಲ್ಜಾರಿಯಲ್ಲಿ ಕೋರ್ಟೇ ಅವರ ಪರವಾಗಿ ಸಹಿ ಮಾಡಿಸಿ ಕೊಡಬಹುದು.

ಕೊಡ್ತೀನಿ ಅಂದ ಜಾಗ ಜಮ್ಮಾ. ಈಗ ಒಕ್ಕದವರು ತಕರಾರು ಮಾಡ್ತಿದ್ದಾರೆ.

ಜಮ್ಮಾ ಎಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನು. ಪಟ್ಟೇದಾರರ (ಒಕ್ಕದ ಮುಖ್ಯಸ್ಥರ) ಹೆಸರಿನಲ್ಲಿ ಒಕ್ಕದವರೆಲ್ಲ ಸೇರಿರುವ ಜಮ್ಮಾ ಜಾಗವನ್ನು ಒಬ್ಬರು ತನ್ನ ವಿಚ್ಛೇದನದ ರಾಜಿಯಲ್ಲಿ ಪೂರ್ತಿ ಬರೆದುಕೊಡಲು ಬರುವುದಿಲ್ಲ; ಆ ರಾಜಿಗೆ ಸಹಿ ಹಾಕದ ಉಳಿದವರನ್ನು ಡಿಕ್ರಿ ಕಟ್ಟಿಹಾಕುವುದಿಲ್ಲ. ಕೊಟ್ಟವರು ತನ್ನದಲ್ಲದ್ದನ್ನು ತನ್ನದೆಂದು ಹೇಳಿ ಸಹಿ ಹಾಕಿಸಿದ್ದರೆ ಅದು ರಾಜಿಯನ್ನೇ ಪ್ರಶ್ನಿಸಲು ಕಾರಣವಾಗಬಹುದು. ಹೆಚ್ಚಾಗಿ ಆಗುವುದು ಮಧ್ಯದ ದಾರಿ: ಜಾಗದ ಬದಲು ಅದರ ಬೆಲೆ, ಅಥವಾ ಬೇರೆ ಸಾಗು ಜಮೀನು, ಇಬ್ಬರೂ ಸೇರಿ ಅದೇ ಕೋರ್ಟಿನಲ್ಲಿ ತಿದ್ದುಪಡಿ.

ಒಡವೆ ವಾಪಸ್ ಅಂತ ಬರೆದಿದೆ. ಕೊಟ್ಟದ್ದು ಅರ್ಧ.

ಪಟ್ಟಿಯಲ್ಲಿ "ಚಿನ್ನದ ಒಡವೆಗಳು" ಎಂದಿದ್ದರೆ ಅಮಲ್ಜಾರಿಯಲ್ಲಿ ಸಾಬೀತು ಮಾಡುವುದು ತ್ರಾಸ. ಪತ್ತಾಕ್, ಜೋಮಾಲೆ, ಕೊಕ್ಕೆತಾತಿ ಒಂದೊಂದಕ್ಕೂ ಗ್ರಾಂ, ಫೋಟೊ, ಯಾರು ಕೊಟ್ಟದ್ದು ಎಂದು ಇದ್ದರೆ ಅಮಲ್ಜಾರಿ ಸಾಕು. ಪಟ್ಟಿಯಲ್ಲೇ ಬಿಟ್ಟುಹೋದ ಸ್ತ್ರೀಧನದ ಮಾತು ಬೇರೆ: ಅದು ಹೆಣ್ಣಿನ ಸ್ವಂತ ಆಸ್ತಿ ಎಂದು 2024ರಲ್ಲಿ ಮಾಯಾ ಗೋಪಿನಾಥನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹೇಳಿದೆ. ಆದರೆ ರಾಜಿಯಲ್ಲಿ "ಎಲ್ಲ ಒಡವೆ ತಲುಪಿದೆ" ಎಂಬ ವಾಕ್ಯಕ್ಕೆ ಸಹಿ ಇದ್ದರೆ ಆ ವಾಕ್ಯವನ್ನು ದಾಟುವುದೇ ದೊಡ್ಡ ಕೆಲಸ.

## ರಾಜಿಯನ್ನೇ ಪ್ರಶ್ನಿಸುವುದು

ಒತ್ತಾಯದಿಂದ ಸಹಿ ಹಾಕಿಸಿದರು. ಅಪೀಲು ಹಾಕಬಹುದಾ?

ಒಪ್ಪಿಗೆಯ ಡಿಕ್ರಿಗೆ ಅಪೀಲು ಇಲ್ಲ; ಸಿವಿಲ್ ಪ್ರಕ್ರಿಯಾ ಸಂಹಿತೆ (ಸಿ.ಪಿ.ಸಿ.) 96(3) ಮತ್ತು ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 19(2) ಎರಡೂ ಅದನ್ನೇ ಹೇಳುತ್ತವೆ. ಬೇರೆ ದಾವೆಯೂ ಇಲ್ಲ, ಸಿ.ಪಿ.ಸಿ.ಯ ಆದೇಶ 23 ನಿಯಮ 3ಎ ತಡೆಯುತ್ತದೆ. ಉಳಿಯುವುದು ರಾಜಿ ದಾಖಲಿಸಿದ ಕೋರ್ಟಿಗೇ ಹೋಗಿ ಆದೇಶ 23 ನಿಯಮ 3ರ ಪರಂತುಕದಡಿ "ಈ ಒಪ್ಪಂದ ಕಾನೂನುಬದ್ಧವಲ್ಲ" ಎನ್ನುವ ಅರ್ಜಿ. ಪುಷ್ಪಾ ದೇವಿ ಭಗತ್ ಪ್ರಕರಣ (2006) ಈ ದಾರಿಯನ್ನು ಗಟ್ಟಿಮಾಡಿದೆ.

ಅರ್ಜಿಯಲ್ಲಿ "ಒತ್ತಡ ಇತ್ತು" ಎಂಬ ಸಾಲು ಸಾಲದು. ಯಾರು, ಯಾವ ದಿನ, ಎಲ್ಲಿ, ಏನೆಂದು ಬೆದರಿಸಿದರು ಎಂದು ವಿವರ ಬರೆಯಬೇಕು. ಆದೇಶ 6 ನಿಯಮ 4 ಅದನ್ನು ಕಡ್ಡಾಯ ಮಾಡಿದೆ. ಎದುರಾಗುವ ದೊಡ್ಡ ಅಡ್ಡಿ ನಿಮ್ಮದೇ ಹೇಳಿಕೆ: ಎರಡನೇ ಮೋಷನ್ ದಿನ ನ್ಯಾಯಾಧೀಶರು ಕೇಳಿದಾಗ "ಸ್ವಇಚ್ಛೆಯಿಂದ" ಎಂದಿದ್ದೀರಿ, ಅದು ಕಡತದಲ್ಲಿದೆ. ಬೆದರಿಕೆಯ ಸಂದೇಶ, ಆಗಲೇ ಕೊಟ್ಟ ದೂರು, ವೈದ್ಯರ ಚೀಟಿ ಇಲ್ಲದಿದ್ದರೆ ನಾವು ಈ ದಾರಿಯನ್ನು ಸೂಚಿಸುವುದಿಲ್ಲ. ದುಡ್ಡು ತೆಗೆದುಕೊಂಡು ಉಳಿಸಿಕೊಂಡು ರಾಜಿಯನ್ನು ಮಾತ್ರ ರದ್ದು ಮಾಡಿ ಎಂದರೂ ನಡೆಯದು.

ಡಿಕ್ರಿ ಆದ ಮೇಲೆ ಗೊತ್ತಾಯ್ತು, ಅವರು ಒಂದು ತೋಟವನ್ನೇ ಮುಚ್ಚಿಟ್ಟಿದ್ರು.

ಮೊದಲು ನೋಡಬೇಕಾದ್ದು: ಅವರು ಪ್ರಮಾಣಪತ್ರದಲ್ಲಿ "ಇಷ್ಟೇ ಆಸ್ತಿ" ಎಂದು ಹೇಳಿದ್ದರೋ, ಅಥವಾ ಆಸ್ತಿಯ ಮಾತೇ ಬಂದಿರಲಿಲ್ಲವೋ? ಮೊದಲನೆಯದು ಸುಳ್ಳು ಹೇಳಿಕೆ. ಕೋರ್ಟಿಗೆ ಮೋಸ ಮಾಡಿ ಪಡೆದ ಡಿಕ್ರಿ ನಿಲ್ಲದು ಎಂದು ಚೆಂಗಲ್ವರಾಯ ನಾಯ್ಡು ಪ್ರಕರಣ (1994) ಹೇಳುತ್ತದೆ. ಎರಡನೆಯದು ಬಹಳ ದುರ್ಬಲ. ಮೋಸ ಗೊತ್ತಾದ ದಿನದಿಂದ ಕಾಲಮಿತಿ ಶುರುವಾಗುತ್ತದೆ, ಅಥವಾ ಸಾಮಾನ್ಯ ಎಚ್ಚರದಿಂದ ಗೊತ್ತಾಗಬಹುದಾಗಿದ್ದ ದಿನದಿಂದ. ಪಹಣಿ ಯಾರು ಬೇಕಾದರೂ ಆನ್‌ಲೈನಿನಲ್ಲಿ ನೋಡಬಹುದಾದ ದಾಖಲೆ. "ಆಗಲೇ ಏಕೆ ನೋಡಲಿಲ್ಲ?" ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿರಲಿ. ತಿಂಗಳ ಜೀವನಾಂಶ ಇರುವವರು ರಾಜಿ ಮುರಿಯುವ ಬದಲು ಆ ತೋಟದ ಆದಾಯ ತೋರಿಸಿ 25(2)ರಲ್ಲಿ ಏರಿಕೆ ಕೇಳಿದರೆ ಬೇಗ ಫಲ ಸಿಗುತ್ತದೆ.

ನನಗೆ ಗೊತ್ತೇ ಇಲ್ಲದೆ ಏಕಪಕ್ಷೀಯವಾಗಿ ಡಿಕ್ರಿ ಆಗಿದೆ.

ಆದೇಶ 9 ನಿಯಮ 13ರ ಅರ್ಜಿ. ಡಿಕ್ರಿಯ ದಿನದಿಂದ 30 ದಿನ. ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ತಿಳಿದ ದಿನದಿಂದ 30 ದಿನ. ಸಮನ್ಸ್ ಯಾವ ವಿಳಾಸಕ್ಕೆ ಹೋಯಿತು, ಯಾರು ಸಹಿ ಹಾಕಿದರು ಎಂದು ಕಡತದಿಂದ ನಕಲು ತೆಗೆಸಿ. ತವರಿನಲ್ಲಿದ್ದವರ ಸಮನ್ಸ್ ಗಂಡನ ಮನೆಗೇ ಹೋಗಿ "ಸ್ವೀಕರಿಸಲು ನಿರಾಕರಣೆ" ಎಂಬ ಷರಾದೊಂದಿಗೆ ಮರಳಿದ ಉದಾಹರಣೆಗಳಿವೆ. ವಿಚಾರಣೆಯ ದಿನ ನಿಮಗೆ ಬೇರೆ ಮೂಲದಿಂದ ಗೊತ್ತಿತ್ತು ಎಂದಾದರೆ ಜಾರಿಯ ಸಣ್ಣ ಲೋಪ ನೆರವಿಗೆ ಬಾರದು.

ವಾದ ನಡೆದು ತೀರ್ಪಾಗಿದೆ. ಅಪೀಲಿಗೆ ಎಷ್ಟು ದಿನ?

ಕೌಟುಂಬಿಕ ನ್ಯಾಯಾಲಯದ್ದಾದರೆ 30 ದಿನ, ಇತರ ಕೋರ್ಟುಗಳದ್ದಾದರೆ ಹಿಂದೂ ವಿವಾಹ ಕಾಯ್ದೆಯ 28ನೇ ಕಲಂನ 90 ದಿನ. ಸಂದೇಹವಿದ್ದರೆ 30 ಎಂದೇ ಇಟ್ಟುಕೊಳ್ಳಿ. ಅಪೀಲಿನ ಅವಧಿ ಮುಗಿದು ಅವರು ಮರುಮದುವೆ ಮಾಡಿಕೊಂಡ ಮೇಲೆ ವಿಚ್ಛೇದನವನ್ನು ಪ್ರಶ್ನಿಸುವುದು ಬಹಳ ಕಷ್ಟ. ಕಂತಿನಲ್ಲಿ ಸೊನ್ನೆ ಬಿಟ್ಟುಹೋಗಿದೆ, ಸರ್ವೆ ನಂಬರ್ ತಪ್ಪಾಗಿದೆ ಎಂಬಂಥ ಕೈತಪ್ಪಿಗೆ ಅಪೀಲು ಬೇಡ, ಸಿ.ಪಿ.ಸಿ. 152ರಡಿ ಅದೇ ಕೋರ್ಟಿನಲ್ಲಿ ಯಾವಾಗಲಾದರೂ ತಿದ್ದಿಸಬಹುದು.

ನಮ್ಮದು ಲೋಕ ಅದಾಲತ್‌ನಲ್ಲಿ ಆಗಿದ್ದು.

ಅದಾಲತ್ತಿನ ಅವಾರ್ಡಿಗೆ ಅಪೀಲಿಲ್ಲ. ಮೋಸದಂಥ ಕಾರಣವಿದ್ದರೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಮಾತ್ರ. 2022ರಲ್ಲಿ ಕರ್ನಾಟಕದ್ದೇ ಆದ ಕೆ. ಶ್ರೀನಿವಾಸಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮೋಸದ ಆರೋಪಕ್ಕೆ ನಿರ್ದಿಷ್ಟ ವಿವರ, ಆಧಾರ ಇಲ್ಲದಿದ್ದರೆ ಅವಾರ್ಡನ್ನು ಕದಡಬಾರದು ಎಂದಿದೆ.

## ಇನ್ನುಳಿದವು

ನಾವು ಕ್ರೈಸ್ತರು / ಮುಸ್ಲಿಮರು / ರಿಜಿಸ್ಟರ್ ಮದುವೆ. ಇದೆಲ್ಲ ನಮಗೂ ಸೇರುತ್ತಾ?

ಕಲಂ ಬೇರೆ, ತತ್ವ ಹತ್ತಿರ. ವಿಶೇಷ ವಿವಾಹ ಕಾಯ್ದೆಯಲ್ಲಿ ಜೀವನಾಂಶ 37, ಮಕ್ಕಳು 38. ಅಲ್ಲಿ ಶಾಶ್ವತ ಜೀವನಾಂಶ ಹೆಂಡತಿಗೆ ಮಾತ್ರ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆಯ 37ನೇ ಕಲಂ. ವಿಚ್ಛೇದಿತ ಮುಸ್ಲಿಂ ಮಹಿಳೆಗೆ 1986ರ ಕಾಯ್ದೆಯ ಜೊತೆಗೆ ಸಿ.ಆರ್.ಪಿ.ಸಿ. 125ನೇ ಕಲಂ ಕೂಡ ತೆರೆದಿದೆ ಎಂದು 2024ರ ಜುಲೈ 10ರಂದು ಮೊಹಮ್ಮದ್ ಅಬ್ದುಲ್ ಸಮದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು.

ಅವರು ಮಿಲಿಟರಿಯಲ್ಲಿದ್ದಾರೆ. ಸಂಬಳ ಜಪ್ತಿ ಆಗಲ್ಲ ಅಂತಾರೆ.

ಸೇನಾ ಕಾಯ್ದೆಗೆ ಒಳಪಟ್ಟವರ ಸಂಬಳಕ್ಕೆ ಸಿ.ಪಿ.ಸಿ. 60ರಲ್ಲಿ ವಿನಾಯಿತಿ ಇರುವುದು ನಿಜ. ಅದರ ಬದಲು ಸೇನಾ ಕಾಯ್ದೆಯ 90 ಮತ್ತು 91ನೇ ಕಲಂಗಳಲ್ಲಿ ಹೆಂಡತಿ ಮಕ್ಕಳ ಜೀವನಾಂಶಕ್ಕೆ ಸಂಬಳದಲ್ಲೇ ಕಡಿತ ಮಾಡುವ ವ್ಯವಸ್ಥೆ ಇದೆ. ಮಗುವಿನ ಹಣ ಬಾಕಿಯಿದ್ದರೆ ಆದೇಶದ ದೃಢೀಕೃತ ನಕಲು, ಬಾಕಿಯ ಲೆಕ್ಕ, ಸೇವಾ ಸಂಖ್ಯೆ ಸಮೇತ ಅವರ ಘಟಕಕ್ಕೂ ದಾಖಲೆ ಕಚೇರಿಗೂ ಕಳಿಸಿ. ಅವರ ಸ್ವಂತ ಜಮೀನು, ಬ್ಯಾಂಕ್ ಠೇವಣಿಗೆ ಈ ವಿನಾಯಿತಿ ಇಲ್ಲ.

ವಕೀಲರ ಫೀಸು ಕೊಡೋ ಶಕ್ತಿ ಇಲ್ಲ.

ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ವರಮಾನ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಬಹುದು, ಸಹಾಯವಾಣಿ 15100.

ನಾವಿಬ್ಬರೂ ಮಾತಾಡಿಕೊಂಡು ಮೊತ್ತ ಬದಲಿಸಿದ್ದೀವಿ. ಕೋರ್ಟಿಗೆ ಹೇಳಲೇಬೇಕಾ?

ಹೇಳಲೇಬೇಕು. ಕೋರ್ಟಿನ ಹೊರಗೆ ಆದ ಪಾವತಿ ಅಥವಾ ಹೊಂದಾಣಿಕೆಯನ್ನು ದಾಖಲಿಸದಿದ್ದರೆ ಅಮಲ್ಜಾರಿ ಕೋರ್ಟು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಆದೇಶ 21 ನಿಯಮ 2 ಹಾಗೆ ಹೇಳುತ್ತದೆ. ಹದಿನೈದು ಸಾವಿರದ ಬದಲು ಹತ್ತು ಸಾವಿರ ಸಾಕು ಎಂದು ಫೋನಿನಲ್ಲಿ ಒಪ್ಪಿ, ನಾಲ್ಕು ವರ್ಷದ ನಂತರ ಮನಸ್ತಾಪವಾಗಿ ಉಳಿದ ಐದು ಸಾವಿರದ ಬಾಕಿಗೆ ಅಮಲ್ಜಾರಿ ಬಂದರೆ ಆ ಫೋನ್ ಮಾತು ಕೈಹಿಡಿಯದು. ಕೊಡುವವರು ಹೊಂದಾಣಿಕೆಯ ದಿನದಿಂದ 30 ದಿನದೊಳಗೆ ಅದನ್ನು ದಾಖಲಿಸಲು ಅರ್ಜಿ ಹಾಕಬೇಕು. ಇಬ್ಬರೂ ಒಪ್ಪಿದ್ದರೆ ಇನ್ನೂ ಸಲೀಸು: ಹಳೆಯ ಎಂ.ಸಿ. ನಂಬರಿನಲ್ಲೇ ಜಂಟಿ ಅರ್ಜಿ, ಹೊಸ ಮೊತ್ತ, ಯಾವ ತಿಂಗಳಿಂದ, ಹಳೆಯ ಬಾಕಿ ಎಷ್ಟು ಅಥವಾ ಇಲ್ಲ ಎಂಬ ಒಂದು ವಾಕ್ಯ, ಇಬ್ಬರ ಸಹಿ. ಆದೇಶವಾದ ಮೇಲೆ ಹಣವನ್ನು ನಗದಾಗಿ ಕೊಡದೆ ಬ್ಯಾಂಕಿನ ಮೂಲಕವೇ ಕಳಿಸಿ, ಷರಾದಲ್ಲಿ ತಿಂಗಳ ಹೆಸರು ಬರೆಯಿರಿ.